ಹಿಕ್ಕೆಯಲ್ಲಿ ಕಾಣುವ ಲಾಡಿಹುಳು, ಒಡಲೊಳಗೆ ಅಡಗುವ ಲಾಡಿಹುಳು

ಮುಂಗಾರು ಹಿಡಿದು ಒಂದೆರಡು ತಿಂಗಳು ಕಳೆದ ಮೇಲೆ, ಬೆಳಗ್ಗೆ ಹಟ್ಟಿ ಗುಡಿಸುವ ಹೊತ್ತಿಗೆ, ಕುರಿಮರಿಗಳ ಹಿಕ್ಕೆಯ ಮೇಲೆ ಬೆಂದ ಅನ್ನದ ಅಗುಳಿನಂಥ ಬಿಳಿಯ ತುಣುಕುಗಳು ಅಂಟಿಕೊಂಡಿರುವುದನ್ನು ಕುರಿ ಸಾಕುವವರೆಲ್ಲರೂ ಒಂದಲ್ಲ ಒಂದು ಸಲ ಕಂಡಿರುತ್ತಾರೆ. ಕೆಲವೊಮ್ಮೆ ಮರಿಯ ಹಿಂಬದಿಯಿಂದ ಮೊಳದುದ್ದದ ಬಿಳಿಯ ಪಟ್ಟಿಯೇ ಜೋತುಬಿದ್ದಿರುತ್ತದೆ. ಅದನ್ನು ಕಂಡವರಿಗೆ ಗಾಬರಿಯಾಗುವುದು ಸಹಜ. ಮರಿ ಬಡಕಲಾಗಿದ್ದರೆ, ಉಣ್ಣೆ ಕಳೆಗುಂದಿದ್ದರೆ, ಹಿಕ್ಕೆ ಗಟ್ಟಿಯಾಗದೆ ಭೇದಿಯಾಗುತ್ತಿದ್ದರೆ ಎಲ್ಲಕ್ಕೂ ಈ ಹುಳುವೇ ಕಾರಣವೆಂದು ತೀರ್ಮಾನಿಸಿ ಔಷಧದ ಅಂಗಡಿಯತ್ತ ಹೋಗುವುದೂ ಅಷ್ಟೇ ಸಹಜ.

ಆದರೆ ಹೀಗೆ ಕಣ್ಣಿಗೆ ಬಿದ್ದ ಲಾಡಿಹುಳುವಿನ ಮೇಲೆ ನಾವು ಹೊರಿಸುವ ಅಪವಾದ ಅದು ಮಾಡುವ ಹಾನಿಗಿಂತ ಹೆಚ್ಚಿನದು. ಲಾಡಿಹುಳುಗಳ ಗುಂಪಿಗೇ ಸೇರಿದ, ಎಂದೂ ಹಿಕ್ಕೆಯಲ್ಲಿ ಕಾಣಿಸಿಕೊಳ್ಳದ ಇನ್ನು ಕೆಲವು ಹುಳುಗಳು ಕುರಿಯ ಮಿದುಳಿನಲ್ಲಿ, ಯಕೃತ್ತಿನಲ್ಲಿ, ಶ್ವಾಸಕೋಶದಲ್ಲಿ ಬೆಳೆದು ಹಿಂಡಿಗೂ ಹಿಂಡಿನ ಒಡೆಯನಿಗೂ ಬಹುದೊಡ್ಡ ನಷ್ಟ ಮಾಡುತ್ತವೆ. ಅವುಗಳ ಬಗ್ಗೆ ನಮ್ಮ ಹಟ್ಟಿಗಳಲ್ಲಿ ಮಾತೇ ಕಡಿಮೆ. 2019ರ ಜಾನುವಾರು ಗಣತಿಯ ಪ್ರಕಾರ ಸುಮಾರು 1 ಕೋಟಿ 11 ಲಕ್ಷ ಕುರಿಗಳೂ 60 ಲಕ್ಷಕ್ಕೂ ಹೆಚ್ಚು ಆಡುಗಳೂ ಇರುವ ಕರ್ನಾಟಕದಲ್ಲಿ ಈ ಎರಡು ಬಗೆಯ ಲಾಡಿಹುಳುಗಳ ವ್ಯತ್ಯಾಸವನ್ನು ತಿಳಿದುಕೊಳ್ಳುವುದು ಪಶುವೈದ್ಯರಿಗಷ್ಟೇ ಬಿಟ್ಟ ವಿಷಯವಲ್ಲ.

ಮೊದಲು ಕಾಣುವ ಹುಳುವನ್ನೇ ನೋಡೋಣ. ಲಂಗಕ್ಕೋ ಪೈಜಾಮಕ್ಕೋ ಹಾಕುವ ಲಾಡಿಯಂತೆ ಚಪ್ಪಟೆಯಾಗಿ, ಉದ್ದವಾಗಿ ಇರುವುದರಿಂದಲೇ ಇದಕ್ಕೆ ಲಾಡಿಹುಳು ಎಂಬ ಹೆಸರು. ಕುರಿ ಮತ್ತು ಆಡುಗಳ ಸಣ್ಣಕರುಳಿನಲ್ಲಿ ಸಾಮಾನ್ಯವಾಗಿ ಸಿಗುವ ಜಾತಿ ಮೊನೀಜಿಯಾ ಎಕ್ಸ್‌ಪಾನ್ಸಾ. ದನಕರುಗಳಲ್ಲಿ ಹೆಚ್ಚಾಗಿ ಕಾಣುವುದು ಅದರ ಹತ್ತಿರದ ಬಂಧು ಮೊನೀಜಿಯಾ ಬೆನಿಡೆನಿ. ಅವಿಟೆಲಿನಾ, ಸ್ಟೈಲೀಸಿಯಾ ಎಂಬ ಬೇರೆ ಕುಲದ ಲಾಡಿಹುಳುಗಳೂ ನಮ್ಮ ದೇಶದ ಕುರಿಗಳಲ್ಲಿ ಇವೆ. ಪೂರ್ತಿ ಬೆಳೆದ ಮೊನೀಜಿಯಾ ಹಲವು ಮೀಟರ್ ಉದ್ದವಿರುತ್ತದೆ, ಆದರೆ ಅದರ ತಲೆ ಸಾಸಿವೆ ಕಾಳಿಗಿಂತಲೂ ಚಿಕ್ಕದು. ಆ ತಲೆಯಲ್ಲಿರುವ ನಾಲ್ಕು ಹೀರುಬಟ್ಟಲುಗಳಿಂದ ಅದು ಕರುಳಿನ ಗೋಡೆಗೆ ಕಚ್ಚಿಕೊಳ್ಳುತ್ತದೆ. ಈ ಹುಳುವಿಗೆ ಬಾಯಿಯೂ ಇಲ್ಲ, ಹೊಟ್ಟೆಯೂ ಇಲ್ಲ. ಕರುಳಿನಲ್ಲಿ ಜೀರ್ಣವಾಗಿ ಹರಿಯುವ ಆಹಾರದ ಸಾರವನ್ನು ಮೈಯ ಹೊರಪದರದಿಂದಲೇ ಹೀರಿಕೊಂಡು ಬದುಕುತ್ತದೆ. ಅದು ರಕ್ತ ಕುಡಿಯುವುದಿಲ್ಲ ಎಂಬುದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಮುಂದಿನ ಮಾತು ಇದರ ಮೇಲೆಯೇ ನಿಂತಿದೆ. ತಲೆಯ ಹಿಂದೆ ಒಂದರ ಹಿಂದೊಂದು ಖಂಡಗಳು ಹುಟ್ಟುತ್ತಾ, ಹಳೆಯವು ಹಿಂದಕ್ಕೆ ಸರಿಯುತ್ತಾ, ಬಾಲದ ತುದಿಯಲ್ಲಿರುವವು ಮೊಟ್ಟೆಗಳಿಂದ ತುಂಬಿ ಕಳಚಿ ಬೀಳುತ್ತವೆ. ಹಿಕ್ಕೆಯ ಮೇಲೆ ನಾವು ಕಾಣುವ ಅನ್ನದ ಅಗುಳುಗಳು ಇವೇ.

ಒಂದು ಮರಿಯ ಹಿಕ್ಕೆಯಲ್ಲಿ ಬಿದ್ದ ಮೊಟ್ಟೆಯನ್ನು ಇನ್ನೊಂದು ಮರಿ ಹುಲ್ಲಿನೊಂದಿಗೆ ನೇರವಾಗಿ ನುಂಗಿದರೆ ಏನೂ ಆಗುವುದಿಲ್ಲ. ನಡುವೆ ಒಂದು ಜೀವಿ ಬೇಕು. ಆ ಜೀವಿ ಯಾವುದೆಂದು ವಿಜ್ಞಾನಿಗಳಿಗೆ ಬಹುಕಾಲ ತಿಳಿದಿರಲಿಲ್ಲ. 1937ರಲ್ಲಿ ಅಮೆರಿಕದ ಪರೋಪಜೀವಿ ವಿಜ್ಞಾನಿ ಹೊರೇಸ್ ಸ್ಟಂಕಾರ್ಡ್ ಅದು ಮಣ್ಣಿನಲ್ಲಿರುವ ಒರಿಬ್ಯಾಟಿಡ್ ಎಂಬ ಬಗೆಯ ನುಸಿ ಎಂದು ತೋರಿಸಿಕೊಟ್ಟರು. ನುಸಿ ಎಂದೊಡನೆ ನಮ್ಮ ತೆಂಗು ಬೆಳೆಗಾರರಿಗೆ ಕಾಯಿಯನ್ನು ಸೊರಗಿಸುವ ನುಸಿಪೀಡೆ ನೆನಪಾಗುತ್ತದೆ, ಆದರೆ ಇದು ಬೇರೆ ಜಾತಿಯದು, ಬೆಳೆಗೆ ಕೇಡು ಮಾಡುವಂಥದ್ದಲ್ಲ. ಒಂದು ಮಿಲಿಮೀಟರಿಗಿಂತ ಚಿಕ್ಕದಾದ ಈ ನುಸಿಗಳು ಹುಲ್ಲಿನ ಬುಡದಲ್ಲಿ ಕೊಳೆತ ಎಲೆ, ಬೂಷ್ಟು ತಿನ್ನುತ್ತಾ ಬದುಕುತ್ತವೆ. ಹಾಗೆ ತಿನ್ನುವಾಗ ಲಾಡಿಹುಳುವಿನ ಮೊಟ್ಟೆಯನ್ನೂ ತಿನ್ನುತ್ತವೆ. ನುಸಿಯ ಒಡಲಿನಲ್ಲಿ ಮೊಟ್ಟೆ ಮರಿಹುಳುವಾಗಲು ಹವೆಯ ಬಿಸಿಗೆ ತಕ್ಕಂತೆ ಒಂದರಿಂದ ನಾಲ್ಕು ತಿಂಗಳು ಹಿಡಿಯುತ್ತದೆ. ಬಿಸಿಲು ಏರಿದಾಗ ನುಸಿಗಳು ಮಣ್ಣಿಗಿಳಿದು ಅಡಗುತ್ತವೆ. ಇಬ್ಬನಿ ಇರುವ ಮುಂಜಾವಿನಲ್ಲಿ, ಸಂಜೆಯ ತಂಪಿನಲ್ಲಿ, ಮೋಡ ಕವಿದ ದಿನಗಳಲ್ಲಿ ಹುಲ್ಲಿನ ಮೇಲಕ್ಕೆ ಹತ್ತುತ್ತವೆ. ಹುಲ್ಲಿನ ಜೊತೆ ನುಸಿಯನ್ನು ನುಂಗಿದ ಮರಿಯ ಕರುಳಿನಲ್ಲಿ ಸುಮಾರು ಆರು ವಾರಗಳಲ್ಲಿ ಹುಳು ಬಲಿತು ಖಂಡಗಳನ್ನು ಉದುರಿಸತೊಡಗುತ್ತದೆ. ಇಬ್ಬನಿ ಆರಿದ ಮೇಲೆ ಮಂದೆ ಬಿಡುವ ಹಳೆಯ ರೂಢಿಗೆ ಇಲ್ಲೊಂದು ಗಟ್ಟಿಯಾದ ಕಾರಣ ಸಿಗುತ್ತದೆ. ನುಸಿಗಳು ಒಂದು ವರ್ಷಕ್ಕೂ ಹೆಚ್ಚು ಕಾಲ ಬದುಕಬಲ್ಲವಾದ್ದರಿಂದ, ಒಮ್ಮೆ ಸೋಂಕು ತಗುಲಿದ ಗೋಮಾಳವನ್ನು ಕೆಲವು ವಾರ ಖಾಲಿ ಬಿಟ್ಟ ಮಾತ್ರಕ್ಕೆ ಅದು ಶುದ್ಧವಾಗುವುದಿಲ್ಲ.

ಇನ್ನು ಹಾನಿಯ ಮಾತು. ಮೊನೀಜಿಯಾ ಹೆಚ್ಚಾಗಿ ಕಾಣಿಸಿಕೊಳ್ಳುವುದು ಏಳೆಂಟು ತಿಂಗಳೊಳಗಿನ ಕುರಿಮರಿ, ಆಡಿನ ಮರಿ ಮತ್ತು ಕರುಗಳಲ್ಲಿ. ಆ ವಯಸ್ಸು ದಾಟಿದಂತೆ ಪ್ರಾಣಿಗಳ ದೇಹವೇ ಹುಳುವನ್ನು ತಡೆಯುವ ಶಕ್ತಿ ಪಡೆಯುತ್ತದೆ. ಹುಳುವಿನ ಆಯುಸ್ಸೂ ಸಾಮಾನ್ಯವಾಗಿ ಮೂರ್ನಾಲ್ಕು ತಿಂಗಳಷ್ಟೆ. ಬೇರೆ ಬೇರೆ ದೇಶಗಳಲ್ಲಿ ಲಾಡಿಹುಳು ಇರುವ ಮರಿಗಳ ಒಂದು ಗುಂಪಿಗೆ ಔಷಧ ಕೊಟ್ಟು, ಇನ್ನೊಂದು ಗುಂಪಿಗೆ ಕೊಡದೆ ತೂಗಿ ನೋಡಿದ ಪ್ರಯೋಗಗಳಲ್ಲಿ ಹಲವು ಸಲ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡುಬಂದಿಲ್ಲ. ಹಾಗೆಂದು ಅದು ಪೂರಾ ನಿರಪಾಯಕಾರಿ ಎಂದೂ ನಾನು ಹೇಳಲಾರೆ. ಹತ್ತಾರು ಹುಳುಗಳು ಒಂದೇ ಮರಿಯಲ್ಲಿ ಸೇರಿಕೊಂಡಾಗ, ಅದರಲ್ಲೂ ತಾಯಿಯ ಹಾಲು ಸಾಲದೆ, ಮೇವು ಸಾಲದೆ ಮರಿ ಮೊದಲೇ ಸೊರಗಿದ್ದರೆ, ಭೇದಿಯಾಗುತ್ತದೆ, ಹೊಟ್ಟೆ ಉಬ್ಬುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ. ಅಪರೂಪಕ್ಕೆ ಹುಳುಗಳ ಉಂಡೆಯಿಂದ ಕರುಳೇ ಕಟ್ಟಿಕೊಳ್ಳಬಹುದು. ದಷ್ಟಪುಷ್ಟವಾಗಿದ್ದ ಮರಿ ರಾತ್ರೋರಾತ್ರಿ ಸತ್ತು, ಕೊಯ್ದು ನೋಡಿದಾಗ ಕರುಳಿನಲ್ಲಿ ಲಾಡಿಹುಳು ಕಂಡರೆ ಮಾತ್ರ ಅವಸರದ ತೀರ್ಮಾನ ಬೇಡ. ಅಂಥ ಸಾವುಗಳ ಹಿಂದೆ ಹಲವು ಸಲ ಇರುವುದು ಕರುಳಿನ ಬ್ಯಾಕ್ಟೀರಿಯಾದ ವಿಷದಿಂದ ಬರುವ ಕರಳುಬೇನೆ. ಅದನ್ನು ತಡೆಯುವುದು ಲಸಿಕೆಯೇ ಹೊರತು ಜಂತುನಾಶಕವಲ್ಲ.

ಬಡಕಲು ಮರಿಯ ಹಿಕ್ಕೆಯಲ್ಲಿ ಲಾಡಿಹುಳು ಕಂಡಾಗ ಕೇಳಿಕೊಳ್ಳಬೇಕಾದ ಮುಖ್ಯ ಪ್ರಶ್ನೆ, ಕಾಣದೆ ಇರುವುದು ಏನು ಎಂಬುದು. ಅದೇ ಮಳೆಗಾಲದಲ್ಲಿ, ಅದೇ ಹುಲ್ಲಿನಿಂದ ಒಳಹೊಕ್ಕ ಹಿಮಾಂಕಸ್ ಎಂಬ ದುಂಡುಹುಳು ಕುರಿಯ ನಾಲ್ಕನೆಯ ಹೊಟ್ಟೆಯಲ್ಲಿ ರಕ್ತ ಹೀರುತ್ತಿರಬಹುದು. ಎರಡು ಮೂರು ಸೆಂಟಿಮೀಟರ್ ಉದ್ದದ ಒಂದೊಂದು ಹುಳುವೂ ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ಕುಡಿಯುತ್ತದೆ. 5,000 ಹುಳುಗಳಿದ್ದ ಕುರಿ ದಿನಕ್ಕೆ ಕಾಲು ಲೀಟರ್ ರಕ್ತ ಕಳೆದುಕೊಳ್ಳುತ್ತದೆ. ಈ ಹುಳು ಹಿಕ್ಕೆಯಲ್ಲಿ ಬೀಳುವುದಿಲ್ಲ, ಅದರ ಮೊಟ್ಟೆಯನ್ನು ಸೂಕ್ಷ್ಮದರ್ಶಕದಲ್ಲೇ ನೋಡಬೇಕು. ಆದರೆ ಅದರ ಗುರುತು ಕಣ್ಣಿನ ರೆಪ್ಪೆಯಲ್ಲಿದೆ: ಕೆಳರೆಪ್ಪೆಯನ್ನು ಎಳೆದು ನೋಡಿದಾಗ ಒಳಪೊರೆ ಕೆಂಪಾಗಿರದೆ ಸುಣ್ಣದಂತೆ ಬಿಳಿಚಿದ್ದರೆ, ದವಡೆಯ ಕೆಳಗೆ ನೀರು ತುಂಬಿದ ಊತವಿದ್ದರೆ, ಅದು ರಕ್ತಹೀನತೆ. ಲಾಡಿಹುಳು ರಕ್ತ ಕುಡಿಯುವುದಿಲ್ಲವಾದ್ದರಿಂದ ಈ ಲಕ್ಷಣ ಅದರದ್ದಾಗಲು ಸಾಧ್ಯವಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ರೆಪ್ಪೆಯ ಬಣ್ಣವನ್ನು ಐದು ಹಂತಗಳ ಚಿತ್ರಪಟಕ್ಕೆ ಹೋಲಿಸಿ ಯಾವ ಕುರಿಗೆ ಔಷಧ ಬೇಕೆಂದು ನಿರ್ಧರಿಸುವ ಫಮಾಚ ಎಂಬ ಪದ್ಧತಿ ರೂಪುಗೊಂಡಿತು. ಚಿತ್ರಪಟ ಕೈಯಲ್ಲಿ ಇಲ್ಲದಿದ್ದರೂ ರೆಪ್ಪೆ ನೋಡುವ ಅಭ್ಯಾಸವೊಂದನ್ನು ಪ್ರತಿ ಕುರಿಗಾಹಿಯೂ ಬೆಳೆಸಿಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಔಷಧದ ಆಯ್ಕೆಯಲ್ಲಿಯೂ ಇದೇ ಗೊಂದಲ ನಷ್ಟಕ್ಕೆ ದಾರಿಯಾಗುತ್ತದೆ. ಇಂದು ಹಳ್ಳಿಹಳ್ಳಿಗೂ ತಲುಪಿರುವ ಐವರ್ಮೆಕ್ಟಿನ್ ಚುಚ್ಚುಮದ್ದು ದುಂಡುಹುಳುಗಳ ಮೇಲೆ, ಹೇನು ಮತ್ತು ಕಜ್ಜಿಯ ಮೇಲೆ ಕೆಲಸ ಮಾಡುತ್ತದೆ. ಲಾಡಿಹುಳುವಿನ ಮೇಲೆ ಅದರ ಪರಿಣಾಮ ಏನೇನೂ ಇಲ್ಲ. ಲೆವಮಿಸೋಲ್ ಕೂಡ ಹಾಗೆಯೇ. ಲಾಡಿಹುಳುವಿಗೆ ಕೆಲಸ ಮಾಡುವ ಔಷಧಗಳು ಪ್ರಾಜಿಕ್ವಾಂಟೆಲ್, ನಿಕ್ಲೋಸಮೈಡ್ ಮತ್ತು ತಕ್ಕ ಪ್ರಮಾಣದಲ್ಲಿ ಕೊಟ್ಟ ಆಲ್ಬೆಂಡಜೋಲ್. ಇವುಗಳಲ್ಲಿ ಆಲ್ಬೆಂಡಜೋಲ್ ದುಂಡುಹುಳುಗಳ ಮೇಲೂ ಕೆಲಸ ಮಾಡುವುದರಿಂದ ಹೆಚ್ಚು ಬಳಕೆಯಲ್ಲಿದೆ, ಆದರೆ ಗರ್ಭದ ಆರಂಭದ ದಿನಗಳಲ್ಲಿ ಅದು ಭ್ರೂಣಕ್ಕೆ ಹಾನಿ ಮಾಡಬಲ್ಲದು. ಟಗರನ್ನು ಮಂದೆಗೆ ಬಿಟ್ಟಂದಿನಿಂದ, ಅದನ್ನು ಮಂದೆಯಿಂದ ಬೇರೆ ಮಾಡಿ ತಿಂಗಳು, ಒಂದೂವರೆ ತಿಂಗಳು ಕಳೆಯುವವರೆಗೆ ಈ ಔಷಧ ಕೊಡಬಾರದು. ಪ್ರಮಾಣವನ್ನು ಮರಿಯ ತೂಕದ ಮೇಲೆ ಲೆಕ್ಕ ಹಾಕಬೇಕೇ ಹೊರತು ಕಣ್ಣಂದಾಜಿನಲ್ಲಿ ಕುಡಿಸಬಾರದು. ಕಡಿಮೆ ಕುಡಿಸಿದರೆ ಹುಳುವಿನ ತಲೆ ಕರುಳಿನಲ್ಲೇ ಉಳಿದು ಖಂಡಗಳು ಮತ್ತೆ ಬೆಳೆಯುತ್ತವೆ; ಅದಕ್ಕಿಂತ ಕೆಟ್ಟದ್ದೆಂದರೆ, ಅದೇ ಕಡಿಮೆ ಪ್ರಮಾಣ ಹಿಮಾಂಕಸ್ ಹುಳುಗಳಿಗೆ ಔಷಧವನ್ನು ತಡೆದುಕೊಳ್ಳುವ ಅಭ್ಯಾಸ ಮಾಡಿಸಿದಂತಾಗುತ್ತದೆ. ಲಾಡಿಹುಳು ಕಂಡಿತೆಂದು ಇಡೀ ಮಂದೆಗೆ ಪದೇ ಪದೇ ಔಷಧ ಕುಡಿಸುವುದು ಈ ಕಾರಣಕ್ಕಾಗಿಯೇ ತಪ್ಪು. ಒಂದಿಷ್ಟು ಹಿಕ್ಕೆಯನ್ನು ಹತ್ತಿರದ ಪಶು ಆಸ್ಪತ್ರೆಗೆ ಕೊಂಡೊಯ್ದು ಪರೀಕ್ಷೆ ಮಾಡಿಸಿ, ಬೇಕಾದ ಮರಿಗಳಿಗೆ ಬೇಕಾದ ಔಷಧ ಕೊಡಿಸುವುದು ಸರಿಯಾದ ಹಾದಿ.

ಇಲ್ಲಿಯವರೆಗೆ ಹೇಳಿದ್ದು ಕುರಿಯ ಕರುಳೇ ಬಲಿತ ಹುಳುವಿನ ಮನೆಯಾಗಿರುವ ಬಗೆ. ಇನ್ನೊಂದು ಬಗೆಯಲ್ಲಿ ಈ ಸಂಬಂಧ ತಲೆಕೆಳಗಾಗುತ್ತದೆ. ಬಲಿತ ಲಾಡಿಹುಳು ಇರುವುದು ನಾಯಿಯ ಕರುಳಿನಲ್ಲಿ; ಅದರ ಮೊಟ್ಟೆಗಳು ನಾಯಿಯ ಮಲದೊಂದಿಗೆ ಹುಲ್ಲಿಗೂ ನೀರಿಗೂ ಬೀಳುತ್ತವೆ; ಅದನ್ನು ಮೇಯ್ದ ಕುರಿ ಇಲ್ಲಿ ನುಸಿಯ ಸ್ಥಾನದಲ್ಲಿ ನಿಲ್ಲುತ್ತದೆ. ಮೊಟ್ಟೆಯೊಡೆದು ಹೊರಬಂದ ಭ್ರೂಣ ಕರುಳಿನ ಗೋಡೆಯನ್ನು ಕೊರೆದು, ರಕ್ತದ ಜೊತೆ ಹರಿದು, ತನ್ನ ಜಾತಿಗೆ ಒಗ್ಗುವ ಅಂಗದಲ್ಲಿ ನೆಲೆನಿಂತು ನೀರುಗುಳ್ಳೆಯಾಗುತ್ತದೆ. ಆ ಗುಳ್ಳೆಯಿರುವ ಅಂಗವನ್ನು ಹಸಿಯಾಗಿ ತಿಂದ ನಾಯಿಯಲ್ಲಿ ಮತ್ತೆ ಹುಳು ಬೆಳೆಯುತ್ತದೆ. ಕುರಿಯ ಹಿಕ್ಕೆಯನ್ನು ವರ್ಷವಿಡೀ ಪರೀಕ್ಷಿಸಿದರೂ ಈ ಗುಳ್ಳೆಗಳ ಸುಳಿವು ಸಿಗುವುದಿಲ್ಲ.

ಇವುಗಳಲ್ಲಿ ಕುರಿಗಾಹಿಯ ಕಣ್ಣಿಗೆ ತಪ್ಪದೆ ಬೀಳುವುದು ಟೀನಿಯಾ ಮಲ್ಟಿಸೆಪ್ಸ್ ಎಂಬ ಹುಳು ಮಾಡುವ ಕೇಡು. ಅದರ ಗುಳ್ಳೆ ಬೆಳೆಯುವುದು ಮಿದುಳಿನಲ್ಲಿ ಅಥವಾ ಬೆನ್ನುಹುರಿಯಲ್ಲಿ. ಆಡುಗಳಲ್ಲಿ ಕೆಲವೊಮ್ಮೆ ಚರ್ಮದಡಿಯಲ್ಲೂ ಮಾಂಸಖಂಡಗಳಲ್ಲೂ ಸಿಗುತ್ತದೆ. ಆರೆಂಟು ತಿಂಗಳಲ್ಲಿ ಅದು ನಿಂಬೆಹಣ್ಣಿನ ಗಾತ್ರಕ್ಕೆ, ಕೆಲವೊಮ್ಮೆ ಅದಕ್ಕೂ ದೊಡ್ಡದಾಗಿ ಬೆಳೆದು ಮಿದುಳನ್ನು ಒತ್ತುತ್ತದೆ. ಆಗ ಕುರಿ ಮಂದೆಯಿಂದ ಬೇರೆಯಾಗಿ ನಿಲ್ಲುತ್ತದೆ, ತಲೆಯನ್ನು ಒಂದು ಕಡೆಗೆ ವಾಲಿಸುತ್ತದೆ, ಒಂದೇ ದಿಕ್ಕಿಗೆ ಗಾಣದ ಎತ್ತಿನಂತೆ ಸುತ್ತುತ್ತದೆ, ಗೋಡೆಗೋ ಬೇಲಿಗೋ ಹಣೆಯೊತ್ತಿ ನಿಲ್ಲುತ್ತದೆ. ಒಂದು ಕಣ್ಣಿನ ನೋಟ ಹೋಗಬಹುದು. ಗುಳ್ಳೆ ಮಿದುಳಿನ ಮೇಲ್ಭಾಗದಲ್ಲಿದ್ದರೆ ಅದರ ಒತ್ತಡಕ್ಕೆ ತಲೆಬುರುಡೆಯ ಮೂಳೆ ತೆಳುವಾಗಿ ಬೆರಳಿಗೆ ಮೆತ್ತಗೆ ಸಿಗುವುದೂ ಉಂಟು. ಆ ಜಾಗದಲ್ಲಿ ಬುರುಡೆ ತೆರೆದು ಗುಳ್ಳೆಯನ್ನು ಹೊರತೆಗೆಯುವ ಶಸ್ತ್ರಚಿಕಿತ್ಸೆಯನ್ನು ಪಶುವೈದ್ಯರು ಮಾಡುತ್ತಾರೆ, ಗುಳ್ಳೆ ಕೈಗೆಟುಕುವ ಕಡೆ ಇದ್ದರೆ ಕುರಿ ಬದುಕುತ್ತದೆ. ಆದರೆ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕಿನಲ್ಲಿಯೂ ಕುರಿ ಸುತ್ತುತ್ತದೆ, ಮೂಗಿನೊಳಗೆ ನೊಣದ ಹುಳು ಸೇರಿಕೊಂಡಾಗಲೂ ತಲೆ ಒದರುತ್ತಾ ತಡವರಿಸುತ್ತದೆ. ಆದ್ದರಿಂದ ಸುತ್ತುವ ಕುರಿಯನ್ನೆಲ್ಲ ಕಟುಕರಿಗೆ ಮಾರುವ ಮುನ್ನ ವೈದ್ಯರಿಗೆ ತೋರಿಸಬೇಕು. ಮಿದುಳಿನ ಗುಳ್ಳೆಯಿರುವ ಕುರಿಯನ್ನು ಕೊಯ್ದು ತಲೆಯನ್ನು ನಾಯಿಗೆ ಎಸೆದರಂತೂ ಮುಂದಿನ ವರ್ಷ ಸುತ್ತುವ ಕುರಿಗಳನ್ನು ನಾವೇ ಸಾಕಿದಂತೆ.

ಮಾಂಸದಂಗಡಿಯವರಿಗೆ ಚೆನ್ನಾಗಿ ಪರಿಚಯವಿರುವುದು ಟೀನಿಯಾ ಹೈಡಾಟಿಜೀನಾದ ಗುಳ್ಳೆ. ಹೊಟ್ಟೆಯ ಕೊಬ್ಬಿನ ಪದರಕ್ಕೂ ಯಕೃತ್ತಿನ ಅಂಚಿಗೂ ಜೋತುಬಿದ್ದ ತೆಳ್ಳನೆಯ ನೀರಿನ ಚೀಲದಂತೆ ಇದು ಕಾಣುತ್ತದೆ, ಒಳಗೆ ಒಂದೇ ಒಂದು ಬಿಳಿಯ ಚುಕ್ಕೆಯಿರುತ್ತದೆ. ದೊಡ್ಡ ಕುರಿಗೆ ಇದರಿಂದ ಹೆಚ್ಚಿನ ತೊಂದರೆಯಿಲ್ಲ; ಎಳೆಯ ಮರಿ ಒಂದೇ ಸಲಕ್ಕೆ ಬಹಳ ಮೊಟ್ಟೆ ನುಂಗಿದ್ದರೆ ಮಾತ್ರ ಭ್ರೂಣಗಳು ಯಕೃತ್ತನ್ನು ಕೊರೆದು ಸಾವಿಗೂ ಕಾರಣವಾಗಬಹುದು.

ದನಗಳ ವಿಷಯದಲ್ಲಿ ನಾಯಿಯ ಸ್ಥಾನದಲ್ಲಿ ಮನುಷ್ಯನೇ ಇರುವ ಒಂದು ಹುಳುವಿದೆ. ಟೀನಿಯಾ ಸ್ಯಾಜಿನೇಟಾ ಬಲಿಯುವುದು ಮನುಷ್ಯನ ಕರುಳಿನಲ್ಲಿ. ಬಯಲು ಶೌಚದಿಂದ ಹುಲ್ಲಿಗೆ, ಕಾಲುವೆಗೆ ಸೇರಿದ ಮೊಟ್ಟೆಗಳನ್ನು ದನ ಮೇಯ್ದಾಗ ಅದರ ಮಾಂಸಖಂಡಗಳಲ್ಲಿ ಬಟಾಣಿಗಿಂತ ಚಿಕ್ಕ ಗುಳ್ಳೆಗಳಾಗುತ್ತವೆ. ದನಕ್ಕೆ ಅದರಿಂದ ಕಾಯಿಲೆಯಾಗುವುದು ಅಪರೂಪ, ಸರಿಯಾಗಿ ಬೇಯದ ಮಾಂಸ ತಿಂದ ಮನುಷ್ಯನಲ್ಲಿ ಹುಳು ಬೆಳೆಯುತ್ತದೆ. ಇದನ್ನು ನಿಲ್ಲಿಸುವುದು ಶೌಚಾಲಯ ಮತ್ತು ಚೆನ್ನಾಗಿ ಬೇಯಿಸುವ ಒಲೆ. ದನಕ್ಕೆ ಕುಡಿಸುವ ಯಾವ ಔಷಧವೂ ಅಲ್ಲ.

ಇದಕ್ಕೆ ವಿರುದ್ಧವಾಗಿ ಮನುಷ್ಯ ಕುರಿಯ ಸ್ಥಾನಕ್ಕೆ ಬಂದು ನಿಲ್ಲುವ ರೋಗವೇ ಹೈಡಾಟಿಡ್, ಮತ್ತು ಈ ಲೇಖನದಲ್ಲಿ ನನಗೆ ಹೆಚ್ಚು ಕಾಳಜಿ ಇರುವುದು ಇದರ ಬಗ್ಗೆಯೇ. ಎಕೈನೊಕಾಕಸ್ ಗ್ರಾನ್ಯುಲೋಸಸ್ ಎಂಬ ಲಾಡಿಹುಳು ಮೊನೀಜಿಯಾದಂತೆ ಮೀಟರುಗಟ್ಟಲೆ ಬೆಳೆಯುವುದಿಲ್ಲ, ಅದರ ಪೂರ್ತಿ ಉದ್ದ ಕೆಲವೇ ಮಿಲಿಮೀಟರ್. ನಾಯಿಯ ಕರುಳಿನಲ್ಲಿ ಅಂಥವು ಸಾವಿರಾರು ಇದ್ದರೂ ನಾಯಿ ಚುರುಕಾಗಿಯೇ ಓಡಾಡಿಕೊಂಡಿರುತ್ತದೆ, ಅದರ ಮಲದಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ. ಮೊಟ್ಟೆ ಸೇರಿದ ಕುರಿ, ಆಡು, ದನ, ಎಮ್ಮೆಗಳ ಯಕೃತ್ತು ಮತ್ತು ಶ್ವಾಸಕೋಶಗಳಲ್ಲಿ ದಪ್ಪ ಗೋಡೆಯ, ತಿಳಿನೀರು ತುಂಬಿದ ಗುಳ್ಳೆಗಳು ನಿಧಾನವಾಗಿ, ವರ್ಷಗಳ ಕಾಲ ಬೆಳೆಯುತ್ತವೆ. ಅವೇ ಮೊಟ್ಟೆಗಳು ನಾಯಿಯ ಮೈಕೂದಲಿಗೆ, ಮೂತಿಗೆ ಅಂಟಿಕೊಂಡಿದ್ದು, ಅದನ್ನು ನೇವರಿಸಿದ ಮಗುವಿನ ಕೈಯಿಂದ ಬಾಯಿಗೆ ಹೋದರೆ, ಅಥವಾ ತೊಳೆಯದ ಸೊಪ್ಪು, ಕೆರೆಕುಂಟೆಯ ನೀರಿನ ಮೂಲಕ ಹೋದರೆ, ಅದೇ ಗುಳ್ಳೆ ಮನುಷ್ಯನಲ್ಲಿಯೂ ಬೆಳೆಯುತ್ತದೆ. ಹೆಚ್ಚಿನವು ಯಕೃತ್ತಿನಲ್ಲಿ, ಆಮೇಲೆ ಶ್ವಾಸಕೋಶದಲ್ಲಿ. ಬಾಲ್ಯದಲ್ಲಿ ತಗುಲಿದ್ದು ನಡುವಯಸ್ಸಿನಲ್ಲಿ ಹೊಟ್ಟೆನೋವಾಗಿ, ಕೆಮ್ಮಾಗಿ ಹೊರಬೀಳಬಹುದು. ಗುಳ್ಳೆ ಒಳಗೇ ಒಡೆದರೆ ತೀವ್ರ ಅಲರ್ಜಿಯಿಂದ ಪ್ರಾಣಾಪಾಯ. ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ಆಲ್ಬೆಂಡಜೋಲ್ ಮಾತ್ರೆ, ಸೂಜಿಯಿಂದ ಗುಳ್ಳೆಯ ನೀರು ತೆಗೆಯುವ ವಿಧಾನ, ಇವು ಇಂದಿನ ಚಿಕಿತ್ಸೆಗಳು. ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು: ಗುಳ್ಳೆಯಿದ್ದ ಕುರಿಯ ಮಾಂಸ ತಿಂದರೆ ಮನುಷ್ಯನಿಗೆ ಈ ರೋಗ ಬರುವುದಿಲ್ಲ. ಅದು ಬರುವುದು ನಾಯಿಯ ಮಲದ ಮೊಟ್ಟೆಯಿಂದ ಮಾತ್ರ, ಹೀಗಾಗಿ ಮಾಂಸವನ್ನೇ ಮುಟ್ಟದ ಮನೆಯವರಿಗೂ ಬರಬಹುದು.

ಈ ಚಕ್ರವನ್ನು ಮುರಿಯಬಹುದೆಂದು ತೋರಿಸಿದ ದೇಶಗಳಿವೆ. ಒಂದು ಕಾಲಕ್ಕೆ ಐಸ್‌ಲ್ಯಾಂಡಿನ ಕುರಿಗಾಹಿ ಮನೆಗಳಲ್ಲಿ ಹೈಡಾಟಿಡ್ ಮನೆಮಾತಾಗಿತ್ತು. 1863ರಲ್ಲಿ ಡೆನ್ಮಾರ್ಕಿನಿಂದ ಅಲ್ಲಿಗೆ ಬಂದ ಹರಾಲ್ಡ್ ಕ್ರಾಬೆ ನಾಯಿಗಳನ್ನು ಪರೀಕ್ಷಿಸಿ, ರೋಗ ಹರಡುವ ಬಗೆಯನ್ನು ಸರಳವಾಗಿ ವಿವರಿಸುವ ಪುಟ್ಟ ಪುಸ್ತಕ ಬರೆದರು. ಅದನ್ನು ಜನರಿಗೆ ಉಚಿತವಾಗಿ ಹಂಚಲಾಯಿತು. ಗುಳ್ಳೆಯಿರುವ ಅಂಗಗಳನ್ನು ಹೂಳುವ, ನಾಯಿಗಳಿಗೆ ಔಷಧ ಹಾಕುವ ನಿಯಮಗಳು ಮುಂದೆ ಬಂದವು, ರೋಗ ಕ್ರಮೇಣ ಮಾಯವಾಯಿತು. ನ್ಯೂಜಿಲೆಂಡ್ 1959ರಲ್ಲಿ ಕಾಯ್ದೆ ತಂದು, ನಾಯಿಗಳಿಗೆ ಹಸಿ ಅಂಗಾಂಗ ಹಾಕದಂತೆ ತಡೆದು, 2002ರಲ್ಲಿ ತಾತ್ಕಾಲಿಕವಾಗಿ ರೋಗಮುಕ್ತವೆಂದು ಘೋಷಿಸಿಕೊಂಡಿತು. ಅಡಿಕೆ ನಾಡಿನ ಓದುಗರಿಗೆ ಇದರಲ್ಲೊಂದು ಸಂಗತಿ ಕುತೂಹಲ ಹುಟ್ಟಿಸಬಹುದು: ಪ್ರಾಜಿಕ್ವಾಂಟೆಲ್ 1970ರ ದಶಕದಲ್ಲಿ ಬರುವವರೆಗೆ ಅಲ್ಲಿ ನಾಯಿಗಳಿಗೆ ಭೇದಿ ಮಾಡಿಸಿ ಹುಳುವನ್ನು ಹುಡುಕಲು ಬಳಸುತ್ತಿದ್ದದ್ದು ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಸತ್ತ್ವವನ್ನು. ಅದು ಅಳತೆ ತಪ್ಪಿದರೆ ವಿಷವಾಗುವ ವಸ್ತುವಾದ್ದರಿಂದ ಮನೆಯಲ್ಲಿ ನಾಯಿಗೆ ಅಡಿಕೆ ತಿನ್ನಿಸುವ ಪ್ರಯೋಗಕ್ಕೆ ಯಾರೂ ಕೈಹಾಕಬಾರದು. ಕುರಿಗಳಿಗೆ ಹಾಕುವ ಇಜಿ95 ಎಂಬ ಲಸಿಕೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ವಿಜ್ಞಾನಿಗಳಿಂದ ರೂಪುಗೊಂಡು ಚೀನಾ ಮತ್ತು ಅರ್ಜೆಂಟೀನಾದಲ್ಲಿ ಬಳಕೆಗೆ ಬಂದಿದೆ.

ನಮ್ಮಲ್ಲಿ ಪರಿಸ್ಥಿತಿ ದ್ವೀಪರಾಷ್ಟ್ರಗಳಷ್ಟು ಸುಲಭವಲ್ಲ. ಬಯಲುಸೀಮೆಯ ಅಲೆಮಾರಿ ಕುರಿಗಾಹಿಗಳ ಜೊತೆ ಕಾವಲು ನಾಯಿಗಳು ಇರಲೇಬೇಕು; ಮಂದೆ ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಸಾಗುವಾಗ ದಾರಿಯಲ್ಲಿ ಸತ್ತ ಕುರಿಯನ್ನು ಹೂಳಲು ಸಮಯವೂ ಜಾಗವೂ ಇರುವುದಿಲ್ಲ. ಊರಹಬ್ಬ, ಜಾತ್ರೆ, ಹರಕೆಯ ದಿನಗಳಲ್ಲಿ ಬಯಲಿನಲ್ಲಿಯೇ ಕುರಿ ಕೊಯ್ದು, ಗುಳ್ಳೆ ಕಂಡ ಯಕೃತ್ತನ್ನು ‘ಇದು ಅಡುಗೆಗೆ ಬೇಡ’ ಎಂದು ಬದಿಗೆಸೆದರೆ ಅಲ್ಲೇ ಕಾದಿರುವ ಬೀದಿನಾಯಿ ಅದನ್ನು ತಿನ್ನುತ್ತದೆ. ಮನುಷ್ಯ ಬೇಡವೆಂದು ಬಿಟ್ಟ ಆ ಒಂದು ತುಂಡೇ ಇಡೀ ಚಕ್ರಕ್ಕೆ ಕೀಲೆಣ್ಣೆ. ಕೊಯ್ಯುವ ಜಾಗದ ಪಕ್ಕದಲ್ಲಿ ಮೊದಲೇ ಒಂದು ಆಳವಾದ ಗುಂಡಿ ತೋಡಿಟ್ಟು, ಗುಳ್ಳೆಯಿರುವ ಅಂಗಗಳನ್ನು ಅದರಲ್ಲಿ ಹಾಕಿ ನಾಯಿ ಕೆದಕದಂತೆ ಮುಚ್ಚಿದರೆ ಸಾಕು. ನಾಯಿಗೆ ಹಾಕಲೇಬೇಕೆಂದಿದ್ದರೆ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಕುದಿಸಿ ಹಾಕಬೇಕು. ಜಾತ್ರೆಯ ಸಿದ್ಧತೆಗೆಂದು ಸಭೆ ಸೇರುವ ಊರಿನ ಹಿರಿಯರೂ ಪಂಚಾಯಿತಿಯವರೂ ಪೆಂಡಾಲು, ನೀರಿನ ಲೆಕ್ಕದ ಜೊತೆ ಈ ಗುಂಡಿಯ ಲೆಕ್ಕವನ್ನೂ ಸೇರಿಸಿಕೊಳ್ಳಬೇಕೆಂಬುದು ನನ್ನ ಕಳಕಳಿಯ ಕೋರಿಕೆ.

ಮಂದೆಯ ನಾಯಿಗೆ ಮಾಡಬೇಕಾದದ್ದು ಕುರಿಗೆ ಮಾಡುವುದಕ್ಕಿಂತ ಅಗ್ಗ. ಒಳಹೊಕ್ಕ ಎಕೈನೊಕಾಕಸ್ ಬಲಿತು ಮೊಟ್ಟೆಯಿಡಲು ಸುಮಾರು ಆರೇಳು ವಾರ ಬೇಕಾಗುವುದರಿಂದ, ಹಸಿ ಅಂಗಾಂಗ ತಿನ್ನುವ ಸಾಧ್ಯತೆಯಿರುವ ನಾಯಿಗೆ ಆರು ವಾರಕ್ಕೊಮ್ಮೆ, ತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂ ಲೆಕ್ಕದಲ್ಲಿ ಪ್ರಾಜಿಕ್ವಾಂಟೆಲ್ ಕೊಟ್ಟರೆ ಮೊಟ್ಟೆ ಹೊರಬೀಳುವ ಮೊದಲೇ ಹುಳು ಸಾಯುತ್ತದೆ. ಔಷಧ ಹುಳುವನ್ನು ಕೊಲ್ಲುತ್ತದೆಯೇ ಹೊರತು ಆಗಲೇ ಆಗಿರುವ ಮೊಟ್ಟೆಗಳನ್ನಲ್ಲ. ಆದ್ದರಿಂದ ಮಾತ್ರೆ ಕೊಟ್ಟ ಮೇಲೆ ಎರಡು ದಿನ ನಾಯಿಯನ್ನು ಒಂದೇ ಕಡೆ ಕಟ್ಟಿಹಾಕಿ, ಅದರ ಮಲವನ್ನು ಬರಿಗೈಯಲ್ಲಿ ಮುಟ್ಟದೆ ಒಟ್ಟುಮಾಡಿ ಸುಡಬೇಕು ಅಥವಾ ಆಳವಾಗಿ ಹೂಳಬೇಕು, ಮತ್ತು ಆ ಕೆಲಸವನ್ನು ಮಕ್ಕಳ ಕೈಗೆ ಬಿಡಬಾರದು.